ಎಲೆ ತುದಿಯಲ್ಲಿ ಹುಟ್ಟಿದ ನೆಲತಾಳೆ

ಶಿರಸಿ ಹತ್ತಿರದ ನಮ್ಮ ಮನೆ ಹಿಂದೆ ಸೊಪ್ಪಿನ ಬೆಟ್ಟ, ತೋಟಕ್ಕೆ ಸೊಪ್ಪು ತರುವ ಕಾಡು. ಮೊದಲ ನಾಲ್ಕು ಮಳೆ ಬಿದ್ದು ದರಕು (ಉದುರಿದ ಒಣ ಎಲೆ) ಹಸಿಯಾದರೆ ಅಲ್ಲಿ ಹಳದಿ ನಕ್ಷತ್ರಗಳು ಕಾಣುತ್ತವೆ. ಆರು ಎಸಳು, ಆರು ಕೇಸರ. ಬಗ್ಗಿ ನೋಡಿದರೆ ಮಾತ್ರ ಸಿಗುವಷ್ಟು ನೆಲಕ್ಕೆ ಅಂಟಿಕೊಂಡ ಹೂವು. ಅದೇ ನೆಲತಾಳೆ, ಗಿಡಮೂಲಿಕೆ ಅಂಗಡಿಯವರ ಕಪ್ಪು ಮುಸಲಿ. ಕೇರಳದಲ್ಲಿ ನಿಲಪ್ಪನ ಅನ್ನುತ್ತಾರೆ. ಅಲ್ಲೂ ಅರ್ಥ ನೆಲದ ತಾಳೆಯೇ. ಅವರು ಪವಿತ್ರವೆಂದು ಎಣಿಸುವ ಹತ್ತು ಗಿಡಗಳಲ್ಲಿ, ಅಂದರೆ ದಶಪುಷ್ಪಗಳಲ್ಲಿ, ಇದೂ ಒಂದು.

ಹೂವಿಲ್ಲದಾಗ ಗುರುತು ಹಿಡಿಯುವುದು ಕಷ್ಟ. ಎಲೆಯ ಮೇಲೆ ಉದ್ದುದ್ದ ಮಡಿಕೆ, ಥೇಟ್ ಈಚಲು ಸಸಿ. ನಾನು ಮುಟ್ಟಿ ನೋಡುತ್ತೇನೆ. ಈಚಲು ಗಡಸು, ಇದು ಮೆತ್ತಗೆ, ಮೇಲೆ ವಿರಳವಾಗಿ ರೋಮ. ಹೂವಿದ್ದಾಗಲೂ ಒಂದು ಮೋಸವಿದೆ. ಹೈಪಾಕ್ಸಿಸ್ ಆರಿಯಾ ಎಂಬ ಸಣ್ಣ ಗಿಡದ ಹೂವೂ ಹಳದಿ ನಕ್ಷತ್ರವೇ. ಆದರೆ ಅದರ ಎಲೆ ಹುಲ್ಲಿನಷ್ಟು ಸಪೂರ, ಹೂವಿನ ಕೆಳಗಿನ ಕಾಯಿ ಮಣ್ಣಿನ ಮೇಲೆಯೇ ಕಾಣುತ್ತದೆ. ನೆಲತಾಳೆಯ ಕಾಯಿ ಎಲೆಗಳ ಬುಡದಲ್ಲಿ ಅಡಗಿರುತ್ತದೆ. ಹೂವಿನ ದಂಟು ಅಂತ ನಮಗೆ ಕಾಣುವುದು ನಿಜಕ್ಕೂ ದಂಟಲ್ಲ, ಆ ಕಾಯಿಯಿಂದ ಮೇಲೆ ಬಂದ ಉದ್ದ ಕೊಕ್ಕು. ಒಳಗಿನ ಕರಿ ಬೀಜಕ್ಕೂ ಪುಟ್ಟ ಕೊಕ್ಕಿದೆ. ಕರ್ಕುಲಿಗೋ ಎಂಬ ಸಸ್ಯಶಾಸ್ತ್ರದ ಹೆಸರು ಮೂತಿಹುಳುವಿನಿಂದ ಬಂದದ್ದು ಅದಕ್ಕೇ.

ಮೊದಲ ವರ್ಷ ನಾನು ತಪ್ಪು ಮಾಡಿದೆ. ಕುಡುಗೋಲಿನಿಂದ ಒಂದು ಗಿಡ ಕಿತ್ತೆ. ಗಡ್ಡೆ ನೇರ ಕೆಳಗೆ ಇಳಿದಿತ್ತು, ಅರ್ಧಕ್ಕೆ ಮುರಿಯಿತು. ಮುರಿದದ್ದನ್ನೇ ತೋಟದ ಗೊಬ್ಬರದ ಮಣ್ಣಿನಲ್ಲಿ ನೆಟ್ಟೆ. ಆಷಾಢದ ಮಳೆಗೆ ಕೊಳೆತು ಹೋಯಿತು. ಔಷಧಿಗಾಗಿ ಜನ ಕಿತ್ತೂ ಕಿತ್ತೂ ಮೊದಲೇ ಕಡಿಮೆಯಾದ ಗಿಡ. ನಾನೂ ಒಂದು ಕಡಿಮೆ ಮಾಡಿದೆನಲ್ಲ ಅಂತ ಬಹಳ ದಿನ ಬೇಜಾರಾಗಿತ್ತು.

ದಾರಿ ತೋರಿಸಿದ್ದು ಗಿಡವೇ. ಶ್ರಾವಣದಲ್ಲಿ ಬೆಟ್ಟಕ್ಕೆ ಹೋದಾಗ ಒಂದು ಉದ್ದನೆಯ ಎಲೆ ಬಾಗಿ ತುದಿ ಮಣ್ಣಿಗೆ ತಾಗಿತ್ತು. ಎತ್ತಲು ಹೋದರೆ ಬರಲಿಲ್ಲ. ಸುಮ್ನೆ ಸಿಕ್ಕಿಕೊಂಡಿದೆ ಅಂದುಕೊಂಡೆ. ಮಣ್ಣು ಸರಿಸಿದರೆ ತುದಿಯಲ್ಲಿ ಗೋಧಿ ಕಾಳಿನಷ್ಟು ಗಂಟು, ಅದರಿಂದ ಎರಡು ಬಿಳಿ ಬೇರು! ಎಲೆಯ ತುದಿಯಲ್ಲೇ ಮರಿ ಹುಟ್ಟುತ್ತಿತ್ತು. ನಾನು ಅಲ್ಲೇ ಕೂತುಬಿಟ್ಟೆ.

ಮಾರನೇ ದಿನ ಐದು ತೆಂಗಿನ ಗರಟೆ ಒಯ್ದೆ. ತಳಕ್ಕೆ ತೂತು. ಒಳಗೆ ಕೆಮ್ಮಣ್ಣು, ಮರಳು, ಪುಡಿಯಾದ ದರಕು. ಗೊಬ್ಬರ ಹಾಕಲಿಲ್ಲ. ತಾಯಿ ಗಿಡದ ಪಕ್ಕ ಗರಟೆ ಇಟ್ಟು, ಎಲೆಯನ್ನು ಕೀಳದೇ ಬಗ್ಗಿಸಿ, ತುದಿಯನ್ನು ಮಣ್ಣಿಗೆ ತಾಗಿಸಿ, ಮಡಚಿದ ಹಿಡಿಕಡ್ಡಿಯಿಂದ ಒತ್ತಿಟ್ಟೆ. ತುದಿ ಮಣ್ಣಿಗೆ ಗಟ್ಟಿಯಾಗಿ ತಾಗಿರಬೇಕು, ಮುಖ್ಯ ಇದೇ. ಒಂದೂವರೆ ತಿಂಗಳಿಗೆ ಮೂರರಲ್ಲಿ ಗಂಟು ಕಟ್ಟಿತು. ಹೊಸ ಎಲೆ ಬಂದ ಮೇಲೆ ಹಳೆ ಎಲೆ ಕತ್ತರಿಸಿ ಗರಟೆಗಳನ್ನು ಮನೆಗೆ ತಂದೆ.

ಬೇಸಿಗೆಗೆ ಮೂರೂ ಒಣಗಿದವು. ಬಿಸಾಡಬೇಡಿ! ಬೆಟ್ಟದಲ್ಲೂ ಆಗ ಎಲೆ ಇರುವುದಿಲ್ಲ, ಗಡ್ಡೆ ಮಾತ್ರ ಬದುಕಿರುತ್ತದೆ. ಆಗ ನೀರು ಜಾಸ್ತಿ ಹಾಕಿದರೆ ಕೊಳೆಯುತ್ತದೆ. ನಾನು ಗರಟೆಗಳನ್ನು ಮಾವಿನ ಬುಡದ ನೆರಳಲ್ಲಿಟ್ಟು ದರಕು ಮುಚ್ಚಿದೆ. ಮುಂಗಾರಿಗೆ ಮೊಳಕೆ ಬಂತು. ಮೂರನೇ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ದಣಪೆಯ (ಬೇಲಿಯಲ್ಲಿನ ಗಳುಗಳ ಗೇಟು) ಪಕ್ಕ ಹಳದಿ ಹೂವು.

ಈಗ ಅಲ್ಲಿ ಒಂಬತ್ತು ಗಿಡಗಳಿವೆ. ಕೇಳಿದವರಿಗೆ ಗಡ್ಡೆ ಕೊಡುವುದಿಲ್ಲ. ಮಳೆಗಾಲದಲ್ಲಿ ಗರಟೆ ತನ್ನಿ ಅನ್ನುತ್ತೇನೆ.