ವಿಎಂ ಮೇಲಿನ ಯುಪಿಎಫ್: 99ನೇ ಪರ್ಸೆಂಟೈಲ್ ಕೊನೆಗೂ ಲೆಕ್ಕಕ್ಕೆ ಸಿಕ್ಕಿತು

ಯುಪಿಎಫ್ ಅಂದರೆ 5ಜಿ ಕೋರ್‌ನಲ್ಲಿ ಬಳಕೆದಾರರ ಡೇಟಾ ಸಾಗಿಸುವ ಭಾಗ. ಅದನ್ನು ವಿಎಂನಲ್ಲಿ (ವರ್ಚುವಲ್ ಮಷೀನ್) ಓಡಿಸಿದರೆ ಪ್ಯಾಕೆಟ್ ಎಷ್ಟು ತಡವಾಗುತ್ತದೆ ಅನ್ನುವುದನ್ನು ಲೆಕ್ಕದಿಂದಲೇ ಹೇಳಬೇಕಿತ್ತು. ‘ಕ್ಯೂಯಿಂಗ್ ಥಿಯರಿಯಲ್ಲಿ (ಸರತಿ ಸಾಲಿನ ಗಣಿತ) ಇದು ಬಗೆಹರಿಯಲ್ಲ, ಡೀಪ್ ಲರ್ನಿಂಗ್ ಹಚ್ಚು’ ಅಂತ ಟೀಮಿನವರೆಲ್ಲ ಹೇಳಿದ್ದರು. ಹಚ್ಚಬೇಕಾಗಲಿಲ್ಲ. ಕೆವಿಎಂನಲ್ಲಿ (ಲಿನಕ್ಸ್‌ನ ವಿಎಂ ವ್ಯವಸ್ಥೆ) ಓಡುವ, ಓಪನ್5ಜಿಎಸ್ ಎಂಬ ಓಪನ್‌ಸೋರ್ಸ್ 5ಜಿ ಕೋರ್‌ನ ಯುಪಿಎಫ್‌ನ 99ನೇ ಪರ್ಸೆಂಟೈಲ್ ವಿಳಂಬ (ನೂರರಲ್ಲಿ 99 ಪ್ಯಾಕೆಟ್ ಇದರೊಳಗೆ ದಾಟುತ್ತವೆ) ಈಗ ನನ್ನ ಲೆಕ್ಕಕ್ಕೂ ಅಳತೆಗೂ ಹೆಚ್ಚುಕಮ್ಮಿ ಶೇ 10ರೊಳಗೆ ಕೂಡಿಬರುತ್ತಿದೆ. ಅದೂ ಒಂದು ಪುಟದ ಪೈಥಾನ್‌ನಲ್ಲಿ.

ಮೊದಲು ದುಡ್ಡಿನ ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡು ಹಳೇ ಝಿಯಾನ್ ಸರ್ವರ್, ಎಪ್ಪತ್ತು ಸಾವಿರದ ಆಸುಪಾಸು. ಜೊತೆಗೆ ಬಂದ ಎಕ್ಸ್‌710 ನೆಟ್‌ವರ್ಕ್ ಕಾರ್ಡ್ ಪಿಟಿಪಿ (ಗಡಿಯಾರ ಹೊಂದಿಸುವ ಪ್ರೋಟೊಕಾಲ್) ಪ್ಯಾಕೆಟ್ಟಿಗಷ್ಟೇ ಹಾರ್ಡ್‌ವೇರ್ ಟೈಮ್‌ಸ್ಟ್ಯಾಂಪ್ ಹಾಕುತ್ತದೆ, ಬಳಕೆದಾರರ ಡೇಟಾ ಹೊರುವ ಜಿಟಿಪಿ-ಯು ಪ್ಯಾಕೆಟ್ ಒಂದೊಂದನ್ನೂ ಅಳೆಯಲು ಅದು ಸಾಲದು. ಕನೆಕ್ಟ್‌ಎಕ್ಸ್-4 ಕಾರ್ಡ್ ತರಲು ಮತ್ತೆ ಹದಿನೈದು ಸಾವಿರ ಹೋಯಿತು. ಇಲ್ಲಿ ಕೈ ಬಿಗಿ ಮಾಡಬೇಡಿ. ಸಾಫ್ಟ್‌ವೇರ್ ಟೈಮ್‌ಸ್ಟ್ಯಾಂಪ್ ನೆಚ್ಚಿಕೊಂಡರೆ ನೀವು ಅಳೆಯುವುದು ಅಳತೆ ಯಂತ್ರದ ಸ್ಕೆಡ್ಯೂಲರನ್ನೇ (ಸಿಪಿಯು ಸರದಿ ಹಂಚುವ ಭಾಗ).

ಪ್ಯಾಕೆಟ್ಟಿಗೆ ಸುಮಾರು 8 ಮೈಕ್ರೋಸೆಕೆಂಡ್ ಕೆಲಸ, ಲೋಡ್ ಶೇ 70. ಕ್ಯೂಯಿಂಗ್ ಥಿಯರಿಯ ಸರಳ ಮಾದರಿ ಎಂ/ಎಂ/1 ಪ್ರಕಾರ ಸರಾಸರಿ 27, 99ನೇ ಪರ್ಸೆಂಟೈಲ್ 120 ಚಿಲ್ಲರೆ ಮೈಕ್ರೋಸೆಕೆಂಡ್. ಅಳತೆಯಲ್ಲಿ ಸರಾಸರಿ 70ರ ಹತ್ತಿರ, 99ನೇದು 2 ಮಿಲಿಸೆಕೆಂಡ್! ಕೆಲಸದ ಸಮಯ ಹೇಗೆ ಬೇಕಾದರೂ ಏರಿಳಿಯಬಹುದಾದ ಎಂ/ಜಿ/1 ಮಾದರಿಯಲ್ಲಿ ವೇರಿಯೆನ್ಸ್ (ಆ ಏರಿಳಿತದ ಅಳತೆ) ತಿರುಗಿಸಿ ಸರಾಸರಿಯನ್ನು ಕೂಡಿಸಬಹುದು, ಬಾಲ (ಅತಿ ತಡವಾದ ಪ್ಯಾಕೆಟ್‌ಗಳು) ಮಾತ್ರ ಜಪ್ಪಯ್ಯ ಅಂದರೂ ಕೂಡುವುದಿಲ್ಲ. ತಿಂಗಳುಗಟ್ಟಲೆ ಇದರಲ್ಲೇ ಕಳೆದವು.

ಕಳ್ಳ ಪಕ್ಕದ ವಿಎಂ. ಸೆಕೆಂಡಿಗೆ ಎರಡು-ಮೂರು ಸಲ ಎದ್ದು ಸುಮಾರು 3 ಮಿಲಿಸೆಕೆಂಡ್ ಸಿಪಿಯು ಕೋರ್ ಕಸಿಯುತ್ತಿತ್ತು. ಸ್ಟೀಲ್ ಟೈಮ್ (ವಿಎಂನಿಂದ ಹೀಗೆ ಕಸಿದ ಸಮಯ) ಶೇ 1ರೊಳಗೆ ಕಾಣುವುದರಿಂದ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಹಾನಿ ಆ 3ಕ್ಕೇ ನಿಲ್ಲುವುದಿಲ್ಲ. ಗುಡ್ಡೆಬಿದ್ದ ಬಾಕಿ ಕರಗಲು ಇರುವುದು ಉಳಿದ ಶೇ 30 ಶಕ್ತಿ ಮಾತ್ರ. 3 ಅನ್ನು 0.3ರಿಂದ ಭಾಗಿಸಿ: 10 ಮಿಲಿಸೆಕೆಂಡ್ ಕಾಲ ಬಂದ ಪ್ಯಾಕೆಟ್‌ಗಳೆಲ್ಲ ತಡ. ಸೆಕೆಂಡಿಗೆ ಮೂರು ಸಲ ಅಂದರೆ ಶೇ 3 ಪ್ಯಾಕೆಟ್. 99ನೇ ಪರ್ಸೆಂಟೈಲ್ ಪೂರ್ತಿ ಅವುಗಳದ್ದೇ!

ಆದ್ದರಿಂದ ಹೋಸ್ಟ್‌ನಲ್ಲಿ ಶೆಡ್_ಸ್ವಿಚ್ ಟ್ರೇಸ್ (ಕೋರ್ ಯಾವಾಗ ಯಾರಿಗೆ ಹೋಯಿತು ಎಂಬ ದಾಖಲೆ) ಹಿಡಿದು, ವಿಸಿಪಿಯು (ವಿಎಂನ ಸಿಪಿಯು) ಓಡಲು ಸಿದ್ಧವಿದ್ದೂ ಕೋರ್ ಸಿಗದೆ ನಿಂತ ಅವಧಿಗಳ ಹಂಚಿಕೆ ತೆಗೆದೆ. ಅದನ್ನು ಆಗಾಗ ಕೆಟ್ಟುನಿಲ್ಲುವ ಸರ್ವರ್‌ನ ಕ್ಯೂ ಮಾದರಿಗೆ ಹಾಕಿದೆ. 99ನೇ ಪರ್ಸೆಂಟೈಲ್ 1.9 ಮಿಲಿಸೆಕೆಂಡ್ ಬಂತು. ಟ್ರೇಸಿನ ಗಡಿಯಾರವನ್ನೂ ಕಾರ್ಡಿನ ಗಡಿಯಾರವನ್ನೂ ಹೊಂದಿಸಿದ ಬಗೆಯನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಒಂದು ಎಚ್ಚರಿಕೆ. ಆ 3 ಮಿಲಿಸೆಕೆಂಡಿನಲ್ಲಿ 260 ಪ್ಯಾಕೆಟ್ ಬರುತ್ತವೆ, ವಿಎಂ ಓಡಿಸುವ ಕ್ಯೂಇಎಂಯುನ ವಿರ್ಟಿಯೋ ಕ್ಯೂ (ವಿಎಂಗೆ ಪ್ಯಾಕೆಟ್ ತಲುಪಿಸುವ ಸಾಲು) ಡಿಫಾಲ್ಟ್ 256. ಓವಿಎಸ್-ಡಿಪಿಡಿಕೆ (ಸಾಫ್ಟ್‌ವೇರ್ ಸ್ವಿಚ್) ಇದ್ದರೆ ಉಳಿದವು ಬಿದ್ದುಹೋಗುತ್ತವೆ, ಬಿದ್ದ ಪ್ಯಾಕೆಟ್ ವಿಳಂಬದ ಲೆಕ್ಕದಲ್ಲಿ ಬರುವುದೇ ಇಲ್ಲ. ಅಳೆಯುವ ಮುಂಚೆ 1024 ಮಾಡಿಕೊಳ್ಳಿ.

ನಡುವೆ ಎಲ್‌ಎಸ್‌ಟಿಎಂ (ಡೀಪ್ ಲರ್ನಿಂಗ್‌ನ ಒಂದು ಮಾದರಿ) ಕೂಡ ಓಡಿಸಿ ನೋಡಿದೆ, ಜಿಪಿಯು ಬಾಡಿಗೆ ಇಪ್ಪತ್ತು ಸಾವಿರ. ಕಲಿತ ಲೋಡಿನಲ್ಲಿ ಚೆನ್ನ, ಬೇರೆ ಲೋಡ್ ಕೊಟ್ಟರೆ ದಿಕ್ಕು ತಪ್ಪಿತು. ಶೇ 10 ಲೋಡಿನಲ್ಲಿ ಶೇ 40 ಲೋಡಿನಲ್ಲಿರುವುದಕ್ಕಿಂತ ವಿಳಂಬ ಹೆಚ್ಚು ಅನ್ನುವುದೂ ಆಗಲೇ ಕಂಡಿದ್ದು. ನಿದ್ದೆಗೆ ಹೋದ ವಿಸಿಪಿಯು ಎಬ್ಬಿಸುವ ಖರ್ಚು ಅದು.

ಕಂಟೈನರ್‌ಗಳನ್ನು ನಿಭಾಯಿಸುವ ಕುಬರ್ನೆಟಿಸ್‌ನಲ್ಲೂ ಇದೇ ಲೆಕ್ಕ ನಡೆಯುತ್ತದೆ. ಪಾಡ್‌ಗೆ (ಒಟ್ಟಿಗೆ ಓಡುವ ಕಂಟೈನರ್ ಗುಂಪು) 0.6 ಸಿಪಿಯು ಲಿಮಿಟ್ ಇಟ್ಟರೆ, ಬರ್ಸ್ಟ್ ಬಂದಾಗ ಯುಪಿಎಫ್ 100 ಮಿಲಿಸೆಕೆಂಡ್ ಅವಧಿಯ 60 ಮುಗಿಸಿ 40 ಸುಮ್ಮನೆ ನಿಲ್ಲುತ್ತದೆ. 3ಜಿಪಿಪಿಯ 5ಜಿ ಮಾನದಂಡ 23.501ರಲ್ಲಿ ವಾಯ್ಸ್‌ನ 5ಕ್ಯೂಐ (ಸೇವಾ ಗುಣಮಟ್ಟದ ವರ್ಗ) 1ಕ್ಕೆ ವಿಳಂಬದಲ್ಲಿ 5ಜಿ ಕೋರ್‌ನ ಪಾಲು 20 ಮಿಲಿಸೆಕೆಂಡ್ ಮಾತ್ರ. ಲಿಮಿಟ್ ತೆಗೆದು ರಿಕ್ವೆಸ್ಟ್ (ಕನಿಷ್ಠ ಪಾಲಿನ ಕೋರಿಕೆ) ಮಾತ್ರ ಉಳಿಸಿದ ಮೇಲೆ ಆ 40 ಹೋಯಿತು, ಪಕ್ಕದವರ 3 ಇನ್ನೂ ಇದೆ.