ಔಟ್‌ಲೈನ್‌ಗೆ ಶೀರ್ಷಿಕೆ ಸಾಲದು, ವಾಕ್ಯ ಬೇಕು

ಓದುವ ದಿನಗಳಲ್ಲಿ ನಾನು ಬರೆದ ಮೊದಲ ರಿಸರ್ಚ್ ಪೇಪರ್‌ಗೂ ಔಟ್‌ಲೈನ್ ಇತ್ತು. ಪೀಠಿಕೆ, ಹಿನ್ನೆಲೆ, ಕಾರಣಗಳು, ಪರಿಣಾಮಗಳು, ಉಪಸಂಹಾರ. ಐದೇ ಸಾಲು, ದುಂಡಗಿನ ಅಕ್ಷರ, ಕೆಳಗೆ ಸ್ಕೇಲ್ ಇಟ್ಟು ಎಳೆದ ಗೆರೆ ಬೇರೆ. ಅದನ್ನು ಎದುರಿಗೆ ಅಂಟಿಸಿಕೊಂಡು ಬರೆಯಲು ಕೂತೆ. ಬರೆಯಬೇಕಾಗಿದ್ದದ್ದು ಹತ್ತು ಪುಟದ ಪೇಪರ್. ಹಿನ್ನೆಲೆ ಒಂದೇ ಹನ್ನೊಂದು ಪುಟ ಆಯಿತು. ಉಳಿದದ್ದನ್ನೆಲ್ಲ ಹೇಗೋ ತುರುಕಿ ಕೊಟ್ಟೆ. ತಿದ್ದಿದವರು ಕೊನೆಯ ಪುಟದಲ್ಲಿ ಬರೆದದ್ದು ಒಂದೇ ಸಾಲು: "ಎಲ್ಲಾ ಸರಿ, ಹೇಳಬೇಕಾಗಿದ್ದೇನು?"

ಆಗ ಸಿಟ್ಟು ಬಂತು. ಈಗ ನೋಡಿದರೆ ತಪ್ಪು ಆ ಐದು ಸಾಲಿನಲ್ಲೇ ಇತ್ತು. ಬರಗಾಲದ ಬಗ್ಗೆ ಬರೆದರೂ ಅದೇ ಐದು ಸಾಲು ನಡೆಯುತ್ತದೆ, ರೈಲಿನ ಬಗ್ಗೆ ಬರೆದರೂ ನಡೆಯುತ್ತದೆ. ಅಂದರೆ ನನ್ನ ವಿಷಯದ್ದು ಅಂತ ಅದರಲ್ಲಿ ಏನೂ ಇರಲಿಲ್ಲ.

ಹಾಗಾಗಿ ಈಗ ನಾನು ಬಿಡದೆ ಪಾಲಿಸುವ ನಿಯಮ ಒಂದೇ. ಔಟ್‌ಲೈನ್‌ನ ಪ್ರತಿ ಸಾಲೂ ಪೂರ್ತಿ ವಾಕ್ಯ ಆಗಿರಬೇಕು, ಅದನ್ನು ಕೇಳಿದವರು "ಇಲ್ಲಪ್ಪ, ಹಾಗಲ್ಲ" ಅನ್ನುವುದಕ್ಕೆ ಜಾಗ ಇರಬೇಕು. "ಕಾರಣಗಳು" ಅಂತ ಬರೆದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಜಗಳಕ್ಕೆ ಯಾರೂ ಬರದ ಸಾಲು ಅಂದರೆ ನೀವಿನ್ನೂ ಏನೂ ಹೇಳಿಲ್ಲ ಅಂತಲೇ ಅರ್ಥ. ಸುಮ್ನೆ ಹೇಳಿದರೆ ಗೊತ್ತಾಗುವುದಿಲ್ಲ, ಒಂದು ಉದಾಹರಣೆ ಹಿಡಿದು ಕೊನೆವರೆಗೂ ಹೋಗೋಣ.

ವಿಷಯ: ವೈದ್ಯರು ಕೈ ತೊಳೆಯಲು ಕಲಿತದ್ದು. ಎರಡು ಸಾವಿರ ಪದದ ಪ್ರಬಂಧ ಅಂತ ಇಟ್ಟುಕೊಳ್ಳಿ. "ಕೈ ತೊಳೆಯುವುದರ ಇತಿಹಾಸ" ಅಂತ ಹೊರಟರೆ ಮುಗಿದ ಹಾಗೆಯೇ, ಅದು ದಪ್ಪ ಪುಸ್ತಕಕ್ಕೆ ಆಗುವ ಸರಕು. ಮೊದಲು ಅದನ್ನು ಪ್ರಶ್ನೆ ಮಾಡಿಕೊಳ್ಳಬೇಕು. ಅದೂ "ಹೇಗೆ", "ಯಾಕೆ" ಅನ್ನುವ ಪ್ರಶ್ನೆ. "ಯಾವಾಗ", "ಯಾರು" ಅಂದರೆ ಒಂದು ಸಾಲಿನ ಉತ್ತರಕ್ಕೆ ಮುಗಿದುಹೋಗುತ್ತದೆ. ಸ್ವಲ್ಪ ಓದಿದರೆ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ವೈದ್ಯನ ಕಥೆ ಸಿಗುತ್ತದೆ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವವರ ಕೈಯನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆಸಿದ, ಬಾಣಂತಿಯರ ಸಾವು ಥಟ್ಟನೆ ಇಳಿಯಿತು, ಆದರೂ ಬಹಳಷ್ಟು ವೈದ್ಯರು ನಂಬಲಿಲ್ಲ. ಪ್ರಶ್ನೆ ಇಲ್ಲೇ ಇದೆ: ಅಂಕಿ ಕಣ್ಣೆದುರಿಗಿದ್ದರೂ ಯಾಕೆ ನಂಬಲಿಲ್ಲ?

ಈಗ, ಜಾಸ್ತಿ ಓದುವ ಮೊದಲೇ, ನಿಮಗೆ ತೋಚಿದ ಉತ್ತರವನ್ನು ಒಂದು ವಾಕ್ಯದಲ್ಲಿ ಬರೆದಿಡಿ. ತಪ್ಪಿದ್ದರೂ ಪರವಾಗಿಲ್ಲ. "ವೈದ್ಯರಿಗೆ ಅಹಂಕಾರ ಇತ್ತು, ತಮ್ಮ ಕೈಯಿಂದಲೇ ಸಾವು ಅಂತ ಒಪ್ಪಲು ಮನಸ್ಸು ಬರಲಿಲ್ಲ." ಎಲ್ಲರಿಗೂ ಮೊದಲು ಹೊಳೆಯುವುದು ಇದೇ, ಅಲ್ವಾ? ಇದನ್ನು ಬರೆದಿಟ್ಟರೆ ಏನು ಓದಬೇಕು, ಏನು ಬಿಡಬೇಕು ಅನ್ನುವುದು ಅರ್ಧ ತೀರ್ಮಾನ ಆದ ಹಾಗೆ. ಇಲ್ಲದಿದ್ದರೆ ಸಿಕ್ಕಿದ್ದೆಲ್ಲ ಓದುತ್ತಾ ಹೋಗುತ್ತೀರಿ, ಓದುತ್ತಿದ್ದೇನೆ ಅನ್ನುವ ಸಮಾಧಾನದಲ್ಲೇ ಡೆಡ್‌ಲೈನ್ ಬಂದು ಬಾಗಿಲು ತಟ್ಟುತ್ತದೆ.

ಓದುವಾಗ ಒಂದು ಚೀಟಿಗೆ ಒಂದೇ ಸಂಗತಿ ಬರೆಯಿರಿ, ಎಲ್ಲಿಂದ ಸಿಕ್ಕಿತು, ಯಾವ ಪುಟ ಅನ್ನುವುದನ್ನೂ ಅದೇ ಗಳಿಗೆಯಲ್ಲಿ ಬರೆದುಬಿಡಿ. ಆಮೇಲೆ ಹುಡುಕುತ್ತೇನೆ ಅಂದುಕೊಂಡ ಪುಟಸಂಖ್ಯೆ ಜನ್ಮದಲ್ಲಿ ಸಿಗುವುದಿಲ್ಲ. ಪುಸ್ತಕದ್ದೇ ಮಾತು ಇಳಿಸಿಕೊಂಡಿದ್ದರೆ ಉದ್ಧರಣ ಚಿಹ್ನೆ ಹಾಕಿ, ಇಲ್ಲದಿದ್ದರೆ ತಿಂಗಳ ಮೇಲೆ ಅದು ನಿಮ್ಮದೇ ವಾಕ್ಯ ಅಂತ ನಿಮಗೇ ಅನ್ನಿಸಿ ಕೃತಿಚೌರ್ಯದ ತಲೆನೋವು ಶುರುವಾಗುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಜೀವಮಾನದಲ್ಲಿ ಹೀಗೆ ಸುಮಾರು 90,000 ಚೀಟಿ ಬರೆದಿಟ್ಟಿದ್ದ. ನಿಮಗೆ ನಲವತ್ತು ಸಾಕು.

ಚೀಟಿಗಳು ಕೈಗೆ ಬಂದ ಮೇಲೆ ನಿಜವಾದ ಔಟ್‌ಲೈನ್ ಶುರು. ನಮ್ಮ ಉದಾಹರಣೆಯಲ್ಲಿ ನನ್ನ ಮೊದಲ ಸುತ್ತಿನ ಸಾಲುಗಳು ಹೀಗಿರುತ್ತಿದ್ದವು:

ಒಂದೇ ಆಸ್ಪತ್ರೆಯ ಎರಡು ಹೆರಿಗೆ ವಿಭಾಗಗಳಲ್ಲಿ, ವೈದ್ಯರೂ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದ ಕಡೆ ಬಾಣಂತಿಯರು ಸೂಲಗಿತ್ತಿಯರಿದ್ದ ಕಡೆಗಿಂತ ಜಾಸ್ತಿ ಸಾಯುತ್ತಿದ್ದರು.

ಶವಪರೀಕ್ಷೆಯ ಚಾಕು ತಾಗಿ ಸತ್ತ ಸಹೋದ್ಯೋಗಿ ಕೊಲೆಟ್ಷ್ಕಾನಿಗೂ ಬಾಣಂತಿ ಜ್ವರದಂಥದ್ದೇ ಲಕ್ಷಣ ಇದ್ದದ್ದು ಸೆಮ್ಮೆಲ್‌ವೈಸ್‌ಗೆ ಸುಳಿವು ಕೊಟ್ಟಿತು.

ಕೈ ತೊಳೆಸಿದ ಮೇಲೆ, 1847ರ ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಸಾವು ಜೂನ್‌ನಲ್ಲಿ ಶೇ 2ರ ಹತ್ತಿರ ಬಂತು.

ಆದರೆ ರೋಗಕ್ಕೆ ಕಾರಣ ಕೆಟ್ಟ ಗಾಳಿ, ದೇಹಪ್ರಕೃತಿ ಅಂತ ನಂಬಿದ್ದ ಕಾಲಕ್ಕೆ, ಶವಪರೀಕ್ಷೆ ಮಾಡಿ ಬಂದವರ ಕೈಗೆ ಅಂಟಿದ "ಶವದ ಕಣ"ವೇ ಜ್ವರ ತರುತ್ತದೆ ಎಂಬ ಅವನ ವಿವರಣೆ ಹೊಂದಲಿಲ್ಲ.

ಮೇಲಾಗಿ ಅವನು ಬರೆದು ಪ್ರಕಟಿಸುವುದನ್ನೇ ತಡಮಾಡಿದ. ಮೊದಲು ಗೆಳೆಯರು ಅವನ ಪರವಾಗಿ ಬರೆದರು, ಅವನ ದೊಡ್ಡ ಪುಸ್ತಕ ಬಂದದ್ದು 1861ರಲ್ಲಿ.

ಅಹಂಕಾರ ಎಲ್ಲಿ ಹೋಯಿತು? ಓದುತ್ತಾ ಓದುತ್ತಾ ಅದು ಸಣ್ಣದಾಯಿತು. ಆಗಲಿ, ಮೊದಲ ಉತ್ತರ ಇರುವುದೇ ಬದಲಾಗಲು. ಈಗಿನ ಉತ್ತರ: ವಿವರಣೆ ಹೊಂದಲಿಲ್ಲ, ಪ್ರಕಟಣೆ ತಡವಾಯಿತು, ಅದಕ್ಕೇ ನಂಬಲಿಲ್ಲ. ಈ ಒಂದು ವಾಕ್ಯವನ್ನು ಹಾಳೆಯ ತಲೆಯ ಮೇಲೆ ಬರೆದುಕೊಳ್ಳಿ. ಕೆಳಗಿನ ಪ್ರತಿ ಸಾಲೂ ಇದಕ್ಕೆ ಒಂದೋ ಆಧಾರ ಕೊಡಬೇಕು, ಇಲ್ಲಾ ಇದನ್ನು ಪ್ರಶ್ನಿಸಬೇಕು.

ಪ್ರಶ್ನಿಸುವ ಸಾಲೇ ಬಹಳ ಜನರ ಔಟ್‌ಲೈನ್‌ನಲ್ಲಿ ಇರುವುದಿಲ್ಲ. ನನ್ನ ಪ್ರಕಾರ ಔಟ್‌ಲೈನ್‌ನ ಅರ್ಧ ಲಾಭ ಅಲ್ಲೇ ಇದೆ. ನಿಮ್ಮ ಉತ್ತರಕ್ಕೆ ಅಡ್ಡ ಬರುವ ಸಂಗತಿ ಯಾವುದು ಅಂತ ಬೇಕೆಂದೇ ಹುಡುಕಿ. ನಮ್ಮ ವಿಷಯದಲ್ಲಿ ಅದು ಆಲಿವರ್ ವೆಂಡೆಲ್ ಹೋಮ್ಸ್. ಈ ಅಮೆರಿಕದ ವೈದ್ಯ 1843ರಲ್ಲೇ, ಅಂದರೆ ನಾಲ್ಕು ವರ್ಷ ಮೊದಲೇ, ಬಾಣಂತಿ ಜ್ವರವನ್ನು ವೈದ್ಯರೇ ಹೊತ್ತು ತರುತ್ತಾರೆ ಅಂತ ಲೇಖನ ಪ್ರಕಟಿಸಿದ್ದ. ಇವನು ತಡಮಾಡಲಿಲ್ಲ, ಬರೆಯಲು ಬಾರದವನೂ ಅಲ್ಲ, ಆದರೂ ಹೆಸರಾಂತ ಪ್ರಸೂತಿ ತಜ್ಞರು ಅಲ್ಲಗಳೆದರು. ಹಾಗಿದ್ದರೆ "ತಡವಾಗಿ ಪ್ರಕಟಿಸಿದ್ದು" ಅನ್ನುವ ನಮ್ಮ ಕಾರಣ ಎಷ್ಟು ಗಟ್ಟಿ? ಇದು ಗೊತ್ತಾದದ್ದು ಒಂದು ಹಾಳೆಯ ಮೇಲೆ, ಹತ್ತು ನಿಮಿಷದಲ್ಲಿ. ಡ್ರಾಫ್ಟ್‌ನ ಆರನೇ ಪುಟದಲ್ಲಿ ಗೊತ್ತಾಗಿದ್ದರೆ ನೀವು ಹೋಮ್ಸ್‌ನನ್ನು ಮೆತ್ತಗೆ ಮರೆತುಬಿಡುತ್ತಿದ್ದಿರಿ. ನಾನಂತೂ ಮರೆಯುತ್ತಿದ್ದೆ.

ಸರಿ, ತಡವಾದದ್ದನ್ನು ಪಕ್ಕಕ್ಕೆ ಸರಿಸಿ, ವಿವರಣೆಯನ್ನೇ ಮುಖ್ಯ ಮಾಡಿದೆವು. ಅದಕ್ಕೆ ಆಧಾರ? ಬ್ರಿಟನ್ನಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ 1867ರಲ್ಲಿ ಗಾಯಕ್ಕೆ ಕಾರ್ಬಾಲಿಕ್ ಆಸಿಡ್ ಬಳಸುವ ವಿಧಾನ ಪ್ರಕಟಿಸಿದಾಗ ಅವನ ಕೈಯಲ್ಲಿ ಫ್ರಾನ್ಸಿನ ವಿಜ್ಞಾನಿ ಪಾಶ್ಚರ್‌ನ ಸೂಕ್ಷ್ಮಜೀವಿಗಳ ಸಂಶೋಧನೆ ಇತ್ತು, "ಯಾಕೆ" ಅನ್ನುವುದಕ್ಕೆ ಉತ್ತರ ಇತ್ತು. ಅವನಿಗೂ ವಿರೋಧ ಬಂತು, ಆದರೆ ನಿಧಾನಕ್ಕೆ ವಿಧಾನ ಹರಡಿತು. ಇದು ಕೊನೆಯ ಸಾಲು. ನೋಡಿ, ಪ್ರಬಂಧ ಈಗಾಗಲೇ ಯೋಚನೆಯಲ್ಲಿ ಮುಗಿದಿದೆ, ಒಂದು ಪ್ಯಾರಾ ಕೂಡ ಬರೆದಿಲ್ಲ.

ಕ್ರಮ ಸರಿ ಇದೆಯಾ ಅಂತ ನೋಡಲು ಒಂದು ಉಪಾಯ ಇದೆ. ಎರಡು ಸಾಲುಗಳ ನಡುವೆ ಯಾವ ಪದ ಕೂರುತ್ತದೆ ನೋಡಿ. "ಆದರೆ", "ಆದ್ದರಿಂದ", "ಯಾಕೆಂದರೆ", "ಹಾಗಿದ್ದರೆ" ಕೂತರೆ ವಾದ ಮುಂದೆ ಹೋಗುತ್ತಿದೆ. "ಆಮೇಲೆ", "ಇನ್ನೊಂದು ವಿಷಯ" ಅಂತಲೇ ಬಂದರೆ ಅದು ಪಟ್ಟಿ, ಎರಡು ಸಾಲನ್ನು ಅದಲುಬದಲು ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಇತಿಹಾಸದ ವಿಷಯದಲ್ಲಿ ವರ್ಷದ ಕ್ರಮದಲ್ಲೇ ಹೋಗುವ ಆಸೆ ಬರುತ್ತದೆ. ಆಗ 1843ರ ಹೋಮ್ಸ್ ಎಲ್ಲರಿಗಿಂತ ಮೊದಲು ಬರಬೇಕಾಗುತ್ತದೆ, ಬಂದು ಸುಮ್ನೆ ನಿಂತಿರುತ್ತಾನೆ. ಅವನಿಗೆ ಕೆಲಸ ಇರುವುದು ಓದುಗರು "ತಡ ಮಾಡಿದ್ದಕ್ಕೇ ಹೀಗಾಯ್ತೇನೋ" ಅಂದುಕೊಳ್ಳುವ ಜಾಗದಲ್ಲಿ.

ಆಮೇಲೆ ಚೀಟಿಗಳನ್ನು ಆಯಾ ಸಾಲಿನ ಕೆಳಗೆ ಹರಡಿ. ನೆಲದ ಮೇಲೆ ಹರಡಿದರೆ ಇನ್ನೂ ಒಳ್ಳೆಯದು. ಯಾವ ಸಾಲಿನ ಕೆಳಗೆ ಚೀಟಿಯೇ ಇಲ್ಲವೋ ಅಲ್ಲಿ ನೀವು ಊಹೆಯ ಮೇಲೆ ನಿಂತಿದ್ದೀರಿ: ಒಂದೋ ಓದಿ, ಇಲ್ಲಾ ಸಾಲು ಹೊಡೆದುಹಾಕಿ. ಯಾವ ಸಾಲಿನ ಕೆಳಗೂ ಕೂರದ ಚೀಟಿಗಳೂ ಉಳಿಯುತ್ತವೆ, ಹೊಟ್ಟೆ ಉರಿಯುವುದು ಆಗಲೇ. ಸೆಮ್ಮೆಲ್‌ವೈಸ್ 1865ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ಸತ್ತ. ಕರುಳು ಕಿವುಚುವ ಸಂಗತಿ, ಸೇರಿಸಲೇಬೇಕು ಅನ್ನಿಸುತ್ತದೆ. ಆದರೆ 1847ರಲ್ಲಿ ವೈದ್ಯರು ಯಾಕೆ ನಂಬಲಿಲ್ಲ ಅನ್ನುವುದಕ್ಕೆ ಅದು ಉತ್ತರ ಅಲ್ಲ. ಬೇರೆ ಲಕೋಟೆಗೆ ಹಾಕಿಡಿ, ಇನ್ನೊಂದು ಪ್ರಬಂಧಕ್ಕೆ ಆಗುತ್ತದೆ.

ಪದಗಳ ಲೆಕ್ಕವನ್ನೂ ಈಗಲೇ ಹಾಕಿಬಿಡಿ. ನನ್ನ ಹನ್ನೊಂದು ಪುಟದ ಹಿನ್ನೆಲೆಗೆ ಇದ್ದ ಮದ್ದು ಇದೊಂದೇ. ಎರಡು ಸಾವಿರದಲ್ಲಿ ಪೀಠಿಕೆಗೆ 200, ವಿಯೆನ್ನಾದಲ್ಲಿ ನಡೆದದ್ದಕ್ಕೆ 400, ವಿವರಣೆ ಯಾಕೆ ಹೊಂದಲಿಲ್ಲ ಅನ್ನುವುದಕ್ಕೆ 700, ಹೋಮ್ಸ್‌ಗೆ 300, ಲಿಸ್ಟರ್‌ಗೆ 250, ಮುಕ್ತಾಯಕ್ಕೆ 150. ಕಥೆ ಹೇಳುವ ಭಾಗಕ್ಕಿಂತ ವಾದ ಮಾಡುವ ಭಾಗಕ್ಕೆ ಜಾಸ್ತಿ ಹೋಗಿದೆಯಾ? ಹೋಗಿರಬೇಕು.

ರೋಮನ್ ಅಂಕಿ, ದೊಡ್ಡಕ್ಷರ, ಸಣ್ಣಕ್ಷರ ಅಂತ ಮೆಟ್ಟಿಲು ಮೆಟ್ಟಿಲಾಗಿ ಬರೆಯುವ ಪದ್ಧತಿ ಇದೆಯಲ್ಲ, ನಿಮ್ಮ ಗೈಡ್ ಕೇಳಿದರೆ ಹಾಗೇ ಕೊಡಿ, ಕೇಳದಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸಾಧನದ್ದೂ ಅಷ್ಟೇ: ಹಾಳೆ ಸಾಕು. ವರ್ಡ್‌ನಲ್ಲಿ ಪ್ರತಿ ವಾಕ್ಯಕ್ಕೂ ಹೆಡಿಂಗ್ ಸ್ಟೈಲ್ ಕೊಟ್ಟರೆ ಪಕ್ಕದ ನ್ಯಾವಿಗೇಷನ್ ಪಟ್ಟಿಯಲ್ಲಿ ಎಳೆದು ಮೇಲೆ ಕೆಳಗೆ ಮಾಡಬಹುದು, ಅದೊಂದು ಅನುಕೂಲ.

ವಿಜ್ಞಾನದ ಪೇಪರ್ ಆದರೆ ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಅನ್ನುವ ಚೌಕಟ್ಟು ಮೊದಲೇ ಇರುತ್ತದೆ, ಬದಲಾಯಿಸಲು ಬಿಡುವುದಿಲ್ಲ. ಅಲ್ಲಿ ನಾನು ಚಿತ್ರ, ಕೋಷ್ಟಕಗಳಿಂದ ಶುರುಮಾಡಿ ಅನ್ನುತ್ತೇನೆ. ಪ್ರತಿಯೊಂದರ ಕೆಳಗೆ ಅದು ಏನು ತೋರಿಸುತ್ತದೆ ಅಂತ ಒಂದು ವಾಕ್ಯ ಬರೆಯಿರಿ. "ತಾಪಮಾನ ಮತ್ತು ಬೆಳವಣಿಗೆ" ಅಲ್ಲ, "ತಾಪಮಾನ ಏರಿದಂತೆ ಬೆಳವಣಿಗೆ ಕುಂಠಿತವಾಯಿತು" ಅಂತ. ಆ ವಾಕ್ಯಗಳನ್ನು ಜೋಡಿಸಿದರೆ ಫಲಿತಾಂಶದ ಭಾಗ ಎದ್ದು ನಿಲ್ಲುತ್ತದೆ, ಯಾವ ವಿಧಾನವನ್ನು ವಿವರಿಸಬೇಕು ಅನ್ನುವುದೂ ಅದರಿಂದಲೇ ಗೊತ್ತಾಗುತ್ತದೆ.

ಡ್ರಾಫ್ಟ್‌ಗೆ ಕೂರುವ ಮೊದಲು ಈ ಏಳೆಂಟು ವಾಕ್ಯಗಳನ್ನು ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ, ವಿಷಯ ಗೊತ್ತಿಲ್ಲದವರಾದರೆ ಇನ್ನೂ ಒಳ್ಳೆಯದು. ಎರಡು ನಿಮಿಷದ ಕೆಲಸ. ಅವರು ಎಲ್ಲಿ "ಅಂದ್ರೆ?" ಅಂದರೋ ಅಲ್ಲಿ ಒಂದು ಸಾಲು ಕಾಣೆಯಾಗಿದೆ. ಬರೆಯುವಾಗ ಪೀಠಿಕೆಯಿಂದಲೇ ಶುರುಮಾಡಬೇಕು ಅಂತೇನಿಲ್ಲ, ನಾನು ಅದನ್ನು ಕೊನೆಗೆ ಬರೆಯುತ್ತೇನೆ. ಬರೆಯುತ್ತಾ ಹೊಸದೇನಾದರೂ ಹೊಳೆದು ದಾರಿ ತಪ್ಪಿದರೆ ಒಂದು ಗಳಿಗೆ ನಿಲ್ಲಿಸಿ ಔಟ್‌ಲೈನ್ ತಿದ್ದಿ, ಆಮೇಲೆ ಮುಂದುವರಿಯಿರಿ. ಡ್ರಾಫ್ಟ್ ಒಂದು ಹೇಳಿ ಔಟ್‌ಲೈನ್ ಇನ್ನೊಂದು ಹೇಳತೊಡಗಿದರೆ ಎರಡೂ ಕೆಲಸಕ್ಕೆ ಬರುವುದಿಲ್ಲ.

ಮುಗಿದ ಮೇಲೆ ಒಮ್ಮೆ ಉಲ್ಟಾ ಮಾಡಿ: ಔಟ್‌ಲೈನ್ ಮುಚ್ಚಿಟ್ಟು, ಡ್ರಾಫ್ಟ್‌ನ ಪ್ರತಿ ಪ್ಯಾರಾ ಪಕ್ಕದಲ್ಲಿ ಅದು ಹೇಳುವುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಎರಡು ವಾಕ್ಯ ಬೇಕಾದರೆ ಪ್ಯಾರಾ ಒಡೆಯಿರಿ. ಒಂದೂ ಬರದಿದ್ದರೆ ಪ್ಯಾರಾ ತೆಗೆಯಿರಿ. ನನ್ನ ಆ ಹಳೆಯ ಪೇಪರ್ ಈಚೆಗೆ ಕೈಗೆ ಸಿಕ್ಕಿತು, ಕುತೂಹಲಕ್ಕೆ ಅದರ ಹಿನ್ನೆಲೆಯ ಹನ್ನೊಂದು ಪುಟಕ್ಕೂ ಹೀಗೇ ಮಾಡಿದೆ. ಒಂಬತ್ತು ಪ್ಯಾರಾಗಳ ಪಕ್ಕವೂ ಅದದೇ ವಾಕ್ಯ ಬಂತು.