ಮಧ್ವರನ್ನು ಓದಲು ಯಾವ ವ್ಯಾಖ್ಯಾನ?

ಉಡುಪಿ ರಥಬೀದಿಯಲ್ಲಿ ಮಧ್ವರ ಬ್ರಹ್ಮಸೂತ್ರ ಭಾಷ್ಯವನ್ನು ವಿವರಿಸುವ ಪುಸ್ತಕ ಕೊಳ್ಳುವಾಗ ನಾನು ಮೊದಲು ತೆರೆಯುವುದು ಬ್ರಹ್ಮಸೂತ್ರದ 'ಜನ್ಮಾದ್ಯಸ್ಯ ಯತಃ' ಇರುವ ಪುಟ. ಜಗತ್ತಿನ ಹುಟ್ಟು ಮೊದಲಾದವು ಯಾರಿಂದಲೋ ಅದೇ ಬ್ರಹ್ಮ ಅನ್ನುವ ಸೂತ್ರ ಇದು. ಬ್ರಹ್ಮದಿಂದ ಆಗುವ ಕಾರ್ಯಗಳನ್ನು ಇಲ್ಲಿ ಮಧ್ವರು ಸಾಮಾನ್ಯವಾಗಿ ಹೇಳುವ ಮೂರಲ್ಲ, ಎಂಟು ಹೇಳುತ್ತಾರೆ: ಸೃಷ್ಟಿ, ಸ್ಥಿತಿ, ಸಂಹಾರ, ನಿಯಮನ, ಜ್ಞಾನ, ಅಜ್ಞಾನ, ಬಂಧ, ಮೋಕ್ಷ. ಯಾಕೆ ಎಂಟು ಅಂತ ವಿವರಿಸದ ಪುಸ್ತಕವನ್ನು ಅಲ್ಲೇ ಇಟ್ಟುಬಿಡಿ.

ಮೂಲದ ಸಾಲು ಅಚ್ಚಾಗಿರಲೇಬೇಕು. ಒಮ್ಮೆ ಮೂಲವೇ ಇಲ್ಲದ ದಪ್ಪ ಪುಸ್ತಕ ತಂದು ಇಡೀ ಮಳೆಗಾಲ ಕಳೆದೆ. ಯಾವುದು ಮಧ್ವರ ಮಾತು, ಯಾವುದು ಲೇಖಕರದ್ದು, ಗೊತ್ತೇ ಆಗಲಿಲ್ಲ.

ಮಧ್ವರ ಈ ಭಾಷ್ಯಕ್ಕೆ ಜಯತೀರ್ಥರು ಬರೆದ ಟೀಕೆ ತತ್ತ್ವಪ್ರಕಾಶಿಕೆಯನ್ನು ಬಿಟ್ಟು ಬರೆದವರನ್ನು ನಾನು ಜಾಸ್ತಿ ನಂಬುವುದಿಲ್ಲ. ಮಧ್ವರ ಚಿಕ್ಕ ವಾಕ್ಯಗಳ ಹಿಂದಿನ ವಾದವನ್ನು ಬಿಡಿಸಿ ತೋರಿಸುವವರು ಜಯತೀರ್ಥರೇ ಅಲ್ವಾ? ಮೂಲದ ಪದಗಳು ಸರಿಯಾಗಿವೆಯೇ ಅಂತ ಅನುಮಾನ ಬಂದರೆ ಬನ್ನಂಜೆ ಗೋವಿಂದಾಚಾರ್ಯರು ಸಂಪಾದಿಸಿದ, ಮಧ್ವರ ಕೃತಿಗಳ ಸಂಗ್ರಹವಾದ ಸರ್ವಮೂಲ ನೋಡಿ. ಮಧ್ವರ ನೇರ ಶಿಷ್ಯ ಹೃಷೀಕೇಶತೀರ್ಥರ ತಾಳೆಗರಿಯನ್ನು ಅವರು ಬಳಸಿದ್ದಾರೆ.